ದರ್ಶಿನಿ ಹೋಟೆಲಿಗೆ ತಟ್ಟೆ ತೊಳೆಯುವ ಯಂತ್ರ ಕೊಳ್ಳುವಾಗ ಮೊದಲು ಏನು ನೋಡಬೇಕು?

ಕೊನೆಗೆ ಜಾಲಿಸುವ ನೀರು 82 ಡಿಗ್ರಿ ಸೆಲ್ಸಿಯಸ್ ಮುಟ್ಟುತ್ತದೆಯೇ ಎಂಬುದನ್ನು. ಬೆಲೆ, ಬ್ರ್ಯಾಂಡ್ ಎಲ್ಲ ಆಮೇಲೆ.

ತೊಳೆಯುವ ಹಂತದಲ್ಲಿ 60-65 ಡಿಗ್ರಿಯ ನೀರೂ ಸೋಪೂ ಸೇರಿ ಸಾಂಬಾರಿನ ಜಿಡ್ಡು ತೆಗೆಯುತ್ತವೆ, ಅಷ್ಟೆ. ರೋಗಾಣುಗಳು ಸಾಯುವುದು ಜಾಲಿಸುವ ನೀರು ತಟ್ಟೆಯ ಮೈಯನ್ನೇ ಸುಮಾರು 71 ಡಿಗ್ರಿಗೆ ಕಾಯಿಸಿದಾಗ. ಅಷ್ಟು ಬಿಸಿಯಾದ ತಟ್ಟೆ ತಾನಾಗಿಯೇ ಒಣಗುತ್ತದೆ, ಒರೆಸುವ ಬಟ್ಟೆ ಬೇಕಿಲ್ಲ. (ನನ್ನ ಕಣ್ಣಿಗೆ ಅಡುಗೆಮನೆಯಲ್ಲಿ ಅತಿ ಕೊಳಕು ವಸ್ತು ಆ ಬಟ್ಟೆಯೇ.)

ಬೆಂಗಳೂರಿನಲ್ಲಿ ಈ ಲೆಕ್ಕ ಕೆಡಿಸುವುದು ಬೋರ್‌ವೆಲ್, ಟ್ಯಾಂಕರ್‌ಗಳ ಗಡಸು ನೀರು. ಅದು ಕಾದಾಗ ಅದರಲ್ಲಿನ ಕ್ಯಾಲ್ಸಿಯಂ ಹೀಟರ್ ಮೇಲೆ ಸುಣ್ಣದ ಹಕ್ಕಳೆಯಾಗಿ ಕೂರುತ್ತದೆ. ಶಾಖ ನೀರಿಗೆ ಸರಿಯಾಗಿ ಇಳಿಯುವುದಿಲ್ಲ, ಕರೆಂಟ್ ಬಿಲ್ ಮಾತ್ರ ಏರುತ್ತದೆ, ನೀರು ಚಿಮ್ಮುವ ತೂತುಗಳು ಕಟ್ಟಿಕೊಳ್ಳುತ್ತವೆ. ಹಾಗಾಗಿ ನೀರು ಪರೀಕ್ಷೆ ಮಾಡಿಸಿ, ಗಡಸಿದ್ದರೆ ಸಾಫ್ಟ್‌ನರ್ (ನೀರಿನ ಗಡಸುತನ ತೆಗೆಯುವ ಸಾಧನ) ಇಲ್ಲದೆ ಯಂತ್ರ ಕೊಳ್ಳಬೇಡಿ. ಸಾಫ್ಟ್‌ನರ್‌ಗೆ ಆಗಾಗ ಉಪ್ಪು ಹಾಕುವ ಕೆಲಸ ಯಾರದು ಎಂದೂ ಮೊದಲೇ ಗೊತ್ತುಮಾಡಿ.

ಗಾತ್ರವನ್ನು ಇಡೀ ದಿನದ ತಟ್ಟೆಗಳ ಲೆಕ್ಕದಲ್ಲಲ್ಲ, ಬೆಳಗಿನ ಟಿಫಿನ್ ನೂಕುನುಗ್ಗಲಿನ ಲೆಕ್ಕದಲ್ಲಿ ಆರಿಸಿ. ಮಾರುವವರು ಹೇಳುವ ‘ಗಂಟೆಗೆ ಇಷ್ಟು’ ಸಾಮಾನ್ಯವಾಗಿ ಅತಿ ಚಿಕ್ಕ ಸೈಕಲ್‌ನದು, ಅಂದರೆ ಅತಿ ಬೇಗ ಮುಗಿಯುವ ತೊಳೆಯುವ ಸುತ್ತಿನದು. ಆದರೆ ಸುತ್ತು ಸುತ್ತಿನ ನಡುವೆ ನೀರು ಮತ್ತೆ 82 ಡಿಗ್ರಿಗೆ ಬರುವ ತನಕ ಯಂತ್ರ ನಿಂತು ಕಾಯಬೇಕು.