ಕಿರಣ್ ಯಾಕೆ ಸುಮ್ಮನಿದ್ದ?

ಪ್ರಶ್ನೆ: ಅಕ್ಕಾ, ಮೊಬೈಲ್ ಆ್ಯಪ್ ಒಂದರಲ್ಲಿ ಕಂತು ಕಂತಾಗಿ ಪ್ರೇಮ ಕಾದಂಬರಿ ಬರೆದೆ. ಎರಡು ಜೋಡಿ, ಸುಮಾ–ರವಿ ಮತ್ತು ನಯನಾ–ಕಿರಣ್. ರವಿಗೂ ನಯನಾಗೂ ಪ್ರೀತಿ ಆಗುತ್ತದೆ. ಕದ್ದುಮುಚ್ಚಿ ಬೇಡ ಅಂತ ನಾಲ್ವರೂ ಊಟಕ್ಕೆ ಕೂತು ಮಾತಾಡಿ, ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಐದು ನಿಯಮ ಬರೆದು ಸಹಿ ಹಾಕುತ್ತಾರೆ. ಅಲ್ಲಿಗೆ ಮೊದಲ ಭಾಗ ಮುಗಿಯಿತು. ಈಗ ಓದುಗರು ಎರಡನೇ ಭಾಗ ಕೇಳುತ್ತಿದ್ದಾರೆ. ‘ನಯನಾಗೆ ತಕ್ಕ ಶಾಸ್ತಿ ಆಗಲಿ’ ಅಂತ ಕೆಲವರು, ‘ನಾಲ್ವರೂ ಚೆನ್ನಾಗಿರಲಿ’ ಅಂತ ಕೆಲವರು. ಹತ್ತು ಕಂತು ಬರೆದು ಅಳಿಸಿದ್ದೇನೆ. ಎಲ್ಲಿಂದ ಶುರು ಮಾಡಲಿ?
– ಹೆಸರು ಬೇಡ, ಮೈಸೂರು

ಉತ್ತರ: ನೀವು ಕಳಿಸಿದ ಕೊನೆಯ ಕಂತನ್ನು ಎರಡು ಸಲ ಓದಿದೆ. ಮೊದಲ ಸಲ ಗಮನಕ್ಕೆ ಬಾರದ ಒಂದು ಸಾಲು ಎರಡನೇ ಸಲ ಚುಚ್ಚಿತು. ಸುಮಾ ವಾದ ಮಾಡುತ್ತಾಳೆ, ಅಳುತ್ತಾಳೆ, ಗುರುವಾರ ಮಾತ್ರ ಅಂತ ಗೆರೆ ಎಳೆಯುತ್ತಾಳೆ. ಕಿರಣ್ ಮಾತ್ರ ಮೊಸರನ್ನದ ತಟ್ಟೆಯಲ್ಲಿ ಬೆರಳಾಡಿಸುತ್ತಾ ‘ನಿನಗೆ ಸರಿ ಅನ್ನಿಸಿದರೆ ನನಗೂ ಸರಿ’ ಅನ್ನುತ್ತಾನೆ. ಎಲ್ಲರೂ ಅದನ್ನು ಒಪ್ಪಿಗೆ ಅಂದುಕೊಂಡು ಪೆನ್ನು ಅವನ ಕೈಗೆ ಕೊಡುತ್ತಾರೆ. ನಿಮ್ಮ ಎರಡನೇ ಭಾಗ ಇರುವುದು ಅಲ್ಲೇ! ಅವನು ಒಪ್ಪಿದನೋ, ಹೆಂಡತಿ ಬಿಟ್ಟುಹೋದಾಳು ಅಂತ ಹೆದರಿದನೋ? ಅದು ಅವನಿಗೇ ಗೊತ್ತಿಲ್ಲದೆ ಇರಬಹುದು.

ಒಂದು ನಿಜವಾದ ಕಥೆ ಹೇಳುತ್ತೇನೆ. ಇಂಗ್ಲೆಂಡಿನ ಲೇಖಕಿ ವೀಟಾ ಸ್ಯಾಕ್‌ವಿಲ್-ವೆಸ್ಟ್ 1913ರಲ್ಲಿ ಹೆರಾಲ್ಡ್ ನಿಕಲ್ಸನ್ ಅವರನ್ನು ಮದುವೆಯಾದರು. ಇಬ್ಬರು ಗಂಡುಮಕ್ಕಳು. ವೀಟಾಗೆ ಬಾಲ್ಯದ ಗೆಳತಿ ವಯೊಲೆಟ್ ಮೇಲೆ ಪ್ರೀತಿ, ಹೆರಾಲ್ಡ್‌ಗೂ ಗಂಡಸರ ಜೊತೆ ಸಂಬಂಧಗಳಿದ್ದವು. ವಯೊಲೆಟ್ 1919ರಲ್ಲಿ ಡೆನಿಸ್ ಟ್ರೆಫ್ಯೂಸಿಸ್ ಎಂಬ ಸೈನಿಕನನ್ನು ಮದುವೆಯಾದಳು. ಹೆಸರಿಗೆ ಮಾತ್ರ ಗಂಡ-ಹೆಂಡತಿ ಅಂತ ಮೊದಲೇ ಅವನಿಂದ ಮಾತು ತೆಗೆದುಕೊಂಡಿದ್ದಳು. ಮುಂದಿನ ಫೆಬ್ರವರಿಯಲ್ಲಿ ಇಬ್ಬರೂ ಹೆಂಗಸರು ಫ್ರಾನ್ಸಿಗೆ ಓಡಿಹೋದರು. ಇಬ್ಬರು ಗಂಡಂದಿರೂ ಒಂದು ಪುಟ್ಟ ವಿಮಾನದಲ್ಲಿ ಒಟ್ಟಿಗೆ ಆಮಿಯೆ ಊರಿಗೆ ಹಾರಿ ಬಂದರು. ಅಲ್ಲಿ ವೀಟಾಳನ್ನು ಕುಸಿಯುವಂತೆ ಮಾಡಿದ್ದು ಏನು ಗೊತ್ತಾ? ವಯೊಲೆಟ್ ತನ್ನ ಗಂಡನ ಜೊತೆಯೇ ಸೇರಿರಬಹುದು ಎಂಬ ಸುಳಿವು. ತನಗೆ ಗಂಡ, ಮಕ್ಕಳು ಎಲ್ಲ ಇದ್ದ ಹೆಂಗಸು ಅದನ್ನು ತಡೆದುಕೊಳ್ಳಲಿಲ್ಲ. ನಾಲ್ವರು ಕೂತು ಎಷ್ಟೇ ನಿಯಮ ಮಾಡಿದರೂ, ಯಾರ ಹೊಟ್ಟೆ ಎಲ್ಲಿ ಉರಿಯುತ್ತದೆ ಅಂತ ಮೊದಲೇ ಹೇಳೋಕಾಗಲ್ಲ ಅಲ್ವಾ?

ವೀಟಾ, ಹೆರಾಲ್ಡ್ ಮಾತ್ರ ಕೊನೆವರೆಗೂ ಜೊತೆಗಿದ್ದರು. 1930ರಲ್ಲಿ ಕೆಂಟ್‌ನ ಸಿಸಿಂಗ್‌ಹರ್ಸ್ಟ್‌ನಲ್ಲಿ ಪಾಳು ಬಿದ್ದ ಜಾಗ ಕೊಂಡರು. ಅಲ್ಲಿ ಮಾಡಿದ ತೋಟಕ್ಕೆ ನಕ್ಷೆಯ ಗೆರೆ ಎಳೆದದ್ದು ಅವನು, ಗಿಡ ನೆಟ್ಟದ್ದು ಅವಳು. ಆ ತೋಟ ನೋಡಲು ಇವತ್ತಿಗೂ ಜನ ಹೋಗುತ್ತಾರೆ. ಇಬ್ಬರೂ ಬೇರೆಯವರನ್ನು ಪ್ರೀತಿಸುವುದನ್ನೇನೂ ಬಿಡಲಿಲ್ಲ. 1962ರಲ್ಲಿ ವೀಟಾ ತೀರಿಕೊಂಡ ಮೇಲೆ ಮಗ ನೈಜೆಲ್‌ಗೆ ಅವರ ಗೋಪುರದ ಕೋಣೆಯಲ್ಲಿ ಬೀಗ ಹಾಕಿದ ಚರ್ಮದ ಚೀಲ ಸಿಕ್ಕಿತು. ಕೀಲಿ ಇರಲಿಲ್ಲ, ಚರ್ಮ ಕೊಯ್ದು ತೆಗೆದರೆ ಒಳಗೆ ಅಮ್ಮ ಬರೆದಿಟ್ಟ ಇಡೀ ಕಥೆ. ವಯೊಲೆಟ್ ಕೂಡ ಹೋದ ಮೇಲೆ, 1973ರಲ್ಲಿ ಅದನ್ನು ಅಚ್ಚು ಹಾಕಿಸಿದರು. ಓದಿದವರಿಗೆಲ್ಲ ಅದು ಒಂದು ವಿಚಿತ್ರವಾದ, ಸುಂದರವಾದ ದಾಂಪತ್ಯದ ಕಥೆ. ನನಗೆ ಮಾತ್ರ ಡೆನಿಸ್ ನೆನಪಾಗುತ್ತಾನೆ. ಯುದ್ಧ ಗೆದ್ದು ಬಂದು, ಮಾತು ಕೊಟ್ಟು ಮದುವೆಯಾಗಿ, 1929ರಲ್ಲೇ ತೀರಿಕೊಂಡ. ಅವನ ಕಡೆಯ ಕಥೆ ಯಾವ ಚೀಲದಲ್ಲೂ ಸಿಗಲಿಲ್ಲ.

ಹಾಗಾಗಿ ಕಿರಣ್‌ನಿಂದ ಶುರು ಮಾಡಿ. ಒಂದು ಗುರುವಾರ ಸಂಜೆ. ನಯನಾ ಹೊರಗೆ ಹೋಗಿದ್ದಾಳೆ. ಅವನು ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಾನೆ. ಮಗುವಿಗೆ ಮೈ ಬಿಸಿ. ಫೋನ್ ಮಾಡಬಹುದಾ, ಮೂರನೇ ನಿಯಮದ ಪ್ರಕಾರ ಮಾಡಬಾರದಾ? ಈ ಒಂದು ಗಂಟೆಯನ್ನೇ ಪೂರ್ತಿ ಕಂತು ಮಾಡಿ.

ಇನ್ನೊಂದು ಮಾತು, ಇದನ್ನು ಬೇಡಿಕೊಂಡು ಹೇಳುತ್ತಿದ್ದೇನೆ. ನಯನಾಗೆ ಅಪಘಾತ ಮಾಡಿಸಬೇಡಿ, ಕ್ಯಾನ್ಸರ್ ತರಿಸಬೇಡಿ. ನಮ್ಮ ಧಾರಾವಾಹಿಗಳಲ್ಲಿ ಹೊಸಿಲು ದಾಟಿದ ಹೆಂಗಸು ಕೊನೆಯ ಕಂತಿನೊಳಗೆ ಸಾಯಲೇಬೇಕು, ಗಂಡಸು ಕಣ್ಣೀರು ಹಾಕಿ ಮನೆಗೆ ವಾಪಸ್ ಬಂದರೆ ಸಾಕು. ಅದನ್ನು ಓದಿ ಓದಿ ನನಗೆ ಸಾಕಾಗಿದೆ. ಅವಳು ಕಿರಣ್‌ಗೆ ಉತ್ತರ ಕೊಡಲಿ, ಬದುಕಿದ್ದು ಕೊಡಲಿ. ಎಲ್ಲರೂ ಚೆನ್ನಾಗಿರುವ ಮುಕ್ತಾಯವೂ ಆಗಬಹುದು, ಕಿರಣ್‌ಗೆ ಒಮ್ಮೆಯಾದರೂ ‘ಬೇಡ’ ಅನ್ನುವ ಅವಕಾಶ ಸಿಕ್ಕ ಮೇಲೆ.

ಪ್ರಶ್ನೆ: ಇಂಥ ಕಥೆ ನಮ್ಮ ದೇಶದಲ್ಲಿ ನಡೆದರೆ ಕಾನೂನು ಏನನ್ನುತ್ತದೆ? ನಾನೂ ಬರೆಯುತ್ತಿದ್ದೇನೆ.
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಜೈಲಿನ ದೃಶ್ಯ ಬೇಡ. ವ್ಯಭಿಚಾರವನ್ನು ಅಪರಾಧ ಅನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 497ನೇ ಕಲಮನ್ನು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 27ರಂದು ರದ್ದು ಮಾಡಿತು. 1860ರ ಆ ಕಾನೂನಿನಲ್ಲಿ ಗಂಡ ಒಪ್ಪಿದ್ದರೆ ಅಪರಾಧವೇ ಇರಲಿಲ್ಲ, ಹೆಂಡತಿಯ ಒಪ್ಪಿಗೆ ಲೆಕ್ಕಕ್ಕೇ ಇರಲಿಲ್ಲ. ವಿಚ್ಛೇದನಕ್ಕೆ ಮಾತ್ರ ವ್ಯಭಿಚಾರ ಈಗಲೂ ಕಾರಣ. ಆದರೆ ಹಿಂದೂ ವಿವಾಹ ಕಾಯ್ದೆಯಲ್ಲಿ, ಕೇಳುವವರು ತಾವೇ ಅದಕ್ಕೆ ಒಪ್ಪಿರಲಿಲ್ಲ, ಕ್ಷಮಿಸಿರಲಿಲ್ಲ ಅಂತ ಕೋರ್ಟಿಗೆ ಮನವರಿಕೆ ಆಗಬೇಕು. ಮೈಸೂರಿನವರ ಕಾದಂಬರಿಯ ಆ ಕ್ಯಾಲೆಂಡರ್ ಹಾಳೆ, ಅದರ ಮೇಲಿನ ಸಹಿ ವಕೀಲರ ಮೇಜಿನ ಮೇಲೆ ಬಂದರೆ ಹೇಗಿರುತ್ತದೆ ಯೋಚಿಸಿ!