ತಾರಸಿಯ ಮೇಲಿರುವ ಸಿಗ್ನಲ್ ಕೋಣೆಯೊಳಗೆ ಬರಬೇಕಾದರೆ

ತಾರಸಿಗೆ ಹೋದರೆ ಮೊಬೈಲ್‌ನಲ್ಲಿ ನಾಲ್ಕು ಕಡ್ಡಿ, ಕೆಳಗಿನ ಕೋಣೆಗೆ ಇಳಿದರೆ ಒಂದೂ ನಿಲ್ಲುವುದಿಲ್ಲ ಎಂದು ಬರೆದಿದ್ದೀರಿ. ತಾಮ್ರದ ತಂತಿಯಿಂದ ಆಂಟೆನಾ ಮಾಡಿ ತಾರಸಿಯಲ್ಲಿ ನಿಲ್ಲಿಸಿ, ಟಿವಿ ಕೇಬಲ್ ಇಳಿಸಿ, ಅದರ ತುದಿಯನ್ನು ಫೋನಿಗೆ ಸುತ್ತಿದರೆ ಸಾಕೇ ಎಂಬುದು ನಿಮ್ಮ ಪ್ರಶ್ನೆ. ಸಾಲದು. ನಾನು ಅದನ್ನೇ ಮಾಡಿ ನೋಡಿದವನು, ಆದ್ದರಿಂದ ಧೈರ್ಯವಾಗಿ ಹೇಳುತ್ತೇನೆ. ಆದರೆ ಅಷ್ಟೇ ಶ್ರಮವನ್ನು ಬೇರೆ ರೀತಿಯಲ್ಲಿ ಹಾಕಿದರೆ ನಿಮ್ಮ ಸಮಸ್ಯೆ ಬಗೆಹರಿಯುತ್ತದೆ. ಅದಕ್ಕಾಗಿಯೇ ಈ ಉತ್ತರ ಸ್ವಲ್ಪ ಉದ್ದವಾಗಿದೆ.

ನಮ್ಮ ಮನೆಯಲ್ಲಿ ತಾಯಿ ಮಲಗುವುದು ಹಿಂಬದಿಯ ಕೋಣೆಯಲ್ಲಿ. ಸುತ್ತ ದಪ್ಪ ಗೋಡೆ, ಕಿಟಕಿಗೆ ಒತ್ತೊತ್ತಾದ ಕಬ್ಬಿಣದ ಸರಳು, ಟವರ್ ಇರುವ ದಿಕ್ಕಿಗೇ ಗೋಡೆಗೊರಗಿಸಿದ ಉಕ್ಕಿನ ಬೀರು. ಒಂದು ರಾತ್ರಿ ಅವರಿಗೆ ಉಸಿರಾಟದ ತೊಂದರೆಯಾಗಿ ನನಗೆ ಕರೆ ಮಾಡಲು ನೋಡಿದ್ದರು. ಕರೆ ಹೋಗಿರಲೇ ಇಲ್ಲ. ಬೆಳಿಗ್ಗೆ ಅವರ ಫೋನಿನಲ್ಲಿ ಏಳು ವಿಫಲ ಕರೆಗಳನ್ನು ಕಂಡಾಗ ನನ್ನ ಜೀವ ಬಾಯಿಗೆ ಬಂದಿತ್ತು. ಅಂದಿನಿಂದ ಈ ವಿಷಯವನ್ನು ನಾನು ಬಿಟ್ಟಿಲ್ಲ.

ಮೊದಲ ಕೆಲಸ, ಕಡ್ಡಿಗಳನ್ನು ಎಣಿಸುವುದನ್ನು ನಿಲ್ಲಿಸುವುದು. ಎಷ್ಟು ಸಿಗ್ನಲ್‌ಗೆ ಎಷ್ಟು ಕಡ್ಡಿ ಎಂಬುದನ್ನು ಫೋನ್ ತಯಾರಕರು ತಮಗೆ ತೋಚಿದಂತೆ ನಿರ್ಧರಿಸುತ್ತಾರೆ. ಒಂದೇ ಜಾಗದಲ್ಲಿ ಎರಡು ಫೋನ್ ಇಟ್ಟರೆ ಒಂದು ಎರಡು ಕಡ್ಡಿ ತೋರಿಸೀತು, ಇನ್ನೊಂದು ನಾಲ್ಕು. ನಿಜವಾದ ಅಳತೆ ಡಿಬಿಎಮ್, ಅಂದರೆ ಫೋನಿಗೆ ತಲುಪುವ ಅಲೆಯ ಶಕ್ತಿ ಎಷ್ಟೆಂದು ಹೇಳುವ ಅಂಕಿ. ಹೆಚ್ಚಿನ ಆಂಡ್ರಾಯ್ಡ್ ಫೋನ್‌ಗಳಲ್ಲಿ ಸೆಟ್ಟಿಂಗ್ಸ್‌ನೊಳಗೆ ಫೋನಿನ ವಿವರ, ಅಲ್ಲಿ ಸಿಮ್ ಸ್ಥಿತಿ ಎಂದು ಹುಡುಕಿದರೆ ಸಿಗುತ್ತದೆ. ಐಫೋನ್‌ನಲ್ಲಿ *3001#12345#* ಒತ್ತಿ ಕರೆ ಮಾಡಿದರೆ ಪರೀಕ್ಷಾ ಪರದೆ ತೆರೆಯುತ್ತದೆ. ಅಂಕಿ ಋಣಸಂಖ್ಯೆಯಲ್ಲಿರುತ್ತದೆ. 4ಜಿಯಲ್ಲಿ -80 ಎಂದರೆ ಚೆನ್ನಾಗಿದೆ, -100 ಎಂದರೆ ನಡೆಯುತ್ತದೆ, -110 ದಾಟಿದರೆ ಕರೆ ತುಂಡಾಗತೊಡಗುತ್ತದೆ, -120ರ ಹತ್ತಿರ ಏನೂ ಉಳಿದಿಲ್ಲ. ಇಂಥ ಎರಡು ಅಂಕಿಗಳ ನಡುವಿನ ಅಂತರವನ್ನು ಡಿಬಿ ಎನ್ನುತ್ತಾರೆ. ಮೂರು ಡಿಬಿ ಹೆಚ್ಚಾದರೆ ಶಕ್ತಿ ಇಮ್ಮಡಿ, ಹತ್ತು ಡಿಬಿ ಹೆಚ್ಚಾದರೆ ಹತ್ತು ಪಟ್ಟು. ಈ ಎರಡನ್ನು ನೆನಪಿಟ್ಟುಕೊಂಡರೆ ಮುಂದಿನ ಲೆಕ್ಕ ಸುಲಭ.

ಒಂದು ಹಾಳೆಯಲ್ಲಿ ಮನೆಯ ನಕ್ಷೆ ಗೀಚಿ, ಪೆನ್ಸಿಲ್ ಹಿಡಿದು ಕೋಣೆ ಕೋಣೆ ಸುತ್ತಿ. ಪ್ರತಿ ಜಾಗದಲ್ಲೂ ಅರ್ಧ ನಿಮಿಷ ಕಾಯಿರಿ, ಏಕೆಂದರೆ ಅಂಕಿ ಕುಣಿಯುತ್ತಲೇ ಇರುತ್ತದೆ. ತಾಯಿಯ ಮಂಚದ ತಲೆಯ ಕಡೆ ನನಗೆ -113 ಸಿಕ್ಕಿತು. ಫೋನನ್ನು ಒಂದು ಗೇಣು ಪಕ್ಕಕ್ಕೆ ಸರಿಸಿದೆ, -104 ಆಯಿತು. ಇನ್ನೊಂದು ಗೇಣು ಸರಿಸಿದಾಗ ಮತ್ತೆ -112. ಇದು ಫೋನಿನ ದೋಷವಲ್ಲ. ಗೋಡೆ, ಬೀರು, ಸರಳುಗಳಿಗೆ ಬಡಿದು ಬರುವ ಅಲೆಗಳು ಕೆಲವೆಡೆ ಒಂದನ್ನೊಂದು ಬಲಪಡಿಸುತ್ತವೆ, ಕೆಲವೆಡೆ ಅಳಿಸಿಹಾಕುತ್ತವೆ. 900 ಮೆಗಾಹರ್ಟ್ಸ್ ಅಲೆಯ ಉದ್ದ ಸುಮಾರು 33 ಸೆಂಟಿಮೀಟರ್, 1800ರದ್ದು ಸುಮಾರು 17, 2300ರದ್ದು ಸುಮಾರು 13. ಹಾಗಾಗಿ ಒಳ್ಳೆಯ ಜಾಗಕ್ಕೂ ಕೆಟ್ಟ ಜಾಗಕ್ಕೂ ನಡುವೆ ಹಲವು ಸಲ ಒಂದು ಗೇಣಿಗಿಂತ ಹೆಚ್ಚು ಅಂತರವಿರುವುದಿಲ್ಲ. ಬೀರುವನ್ನು ಎದುರು ಗೋಡೆಗೆ ಸರಿಸಿದ ಮೇಲೆ ಆ ಕೋಣೆಯ ಸರಾಸರಿ ಸುಮಾರು ಐದು ಡಿಬಿ ಮೇಲೇರಿತು. ಮೊದಲು ಪೀಠೋಪಕರಣ ಸರಿಸಿ ನೋಡಿ ಎಂದು ನಾನು ಎಲ್ಲರಿಗೂ ಹೇಳುವುದು ಅದಕ್ಕೇ. ದೊಡ್ಡ ನಿಲುಗನ್ನಡಿಯೂ ಲೋಹದ ತಗಡಿನಂತೆಯೇ ಅಲೆಯನ್ನು ತಡೆಯುತ್ತದೆ. ಬಿಸಿಲಿನ ಝಳ ತಡೆಯಲು ತೆಳು ಲೋಹದ ಲೇಪ ಹಾಕಿದ ಕಿಟಕಿ ಗಾಜು ಕೂಡ ಹಾಗೆಯೇ.

ಇನ್ನು ನೀವು ಕೇಳಿದ ಆಂಟೆನಾ ಮತ್ತು ಕೇಬಲ್. ಇದು ಏಕೆ ಸೋಲುತ್ತದೆ ಎಂಬುದನ್ನು ಲೆಕ್ಕ ಹಾಕಿಯೇ ತೋರಿಸುತ್ತೇನೆ, ಇಲ್ಲದಿದ್ದರೆ ನೀವು ನಂಬುವುದಿಲ್ಲ. ನಾನೂ ನಂಬಿರಲಿಲ್ಲ.

ತಾರಸಿಯಲ್ಲಿ -85 ಇದೆ ಎನ್ನೋಣ, ಬ್ಯಾಂಡ್ 900, ಅಂದರೆ ಟವರ್ ಮತ್ತು ಫೋನ್ ಬಳಸುತ್ತಿರುವುದು 900 ಮೆಗಾಹರ್ಟ್ಸ್ ಅಲೆ. ಚೆನ್ನಾಗಿ ಮಾಡಿದ ಯಾಗಿ ಆಂಟೆನಾ, ಅಂದರೆ ಒಂದು ದಂಡದ ಮೇಲೆ ಸಾಲಾಗಿ ಅಡ್ಡಕಡ್ಡಿಗಳಿರುವ ಹಳೆಯ ಟಿವಿ ಆಂಟೆನಾದಂಥದ್ದು, ಹತ್ತು ಡಿಬಿ ಗಳಿಸಿಕೊಡುತ್ತದೆ. ಈಗ -75. ಹತ್ತು ಮೀಟರ್ ಒಳ್ಳೆಯ ಟಿವಿ ಕೇಬಲ್ ಮತ್ತು ಅದರ ಜೋಡಣೆಗಳಲ್ಲಿ ಮೂರು ಡಿಬಿ ಕಳೆದರೆ -78. ಕೋಣೆಯೊಳಗೆ ಕೇಬಲ್ಲಿನ ತುದಿಗೆ ಐದು ಡಿಬಿಯ ಇನ್ನೊಂದು ಆಂಟೆನಾ ಕಟ್ಟಿದರೆ -73. ಇಲ್ಲಿಯವರೆಗೆ ಎಲ್ಲವೂ ಚೆನ್ನಾಗಿದೆ. ಆದರೆ ಆ ಆಂಟೆನಾದಿಂದ ಫೋನಿಗೆ ಅಲೆ ಗಾಳಿಯಲ್ಲಿ ಹೋಗಬೇಕಲ್ಲ. ಬರೀ ಒಂದು ಮೀಟರ್ ದೂರಕ್ಕೆ 900 ಮೆಗಾಹರ್ಟ್ಸ್‌ನಲ್ಲಿ ಆಗುವ ನಷ್ಟ 31 ಡಿಬಿಗೂ ಹೆಚ್ಚು. ಫೋನ್ ತಲುಪುವಾಗ ಉಳಿಯುವುದು -104 ಅಥವಾ -105. ಮೂರು ಮೀಟರ್ ಆಚೆ -114. ಆ ಕೋಣೆಯಲ್ಲಿ ಏನೂ ಮಾಡದೆಯೇ -105 ಇದ್ದರೆ ಎರಡು ರಜಾದಿನಗಳ ದುಡಿಮೆ ಸೊನ್ನೆಗೆ ಸಮ. ನನಗೆ ಆಗಿದ್ದೂ ಇದೇ. ಸಣಕಲು ಕೇಬಲ್ ಬಳಸಿದರೆ, ಅಥವಾ ಬ್ಯಾಂಡ್ 1800 ಆಗಿದ್ದರೆ, ಇನ್ನೂ ಕೆಟ್ಟದು.

ಕೇಬಲ್ಲಿನ ತುದಿಯನ್ನು ಫೋನಿಗೇ ಸುತ್ತಿದರೆ ಆ ಒಂದು ಮೀಟರ್ ಉಳಿಯುತ್ತದಲ್ಲ ಎಂದು ನೀವು ಕೇಳಬಹುದು. ಸ್ವಲ್ಪ ಉಳಿಯುತ್ತದೆ, ನಿಜ. ಆದರೆ ಫೋನಿನ ಆಂಟೆನಾಗಳು ಅದರ ಅಂಚಿನೊಳಗೆ ಅಡಗಿವೆ. ಸುತ್ತಿದ ತಂತಿ ಅವುಗಳ ಶ್ರುತಿಯನ್ನೇ ಕೆಡಿಸುತ್ತದೆ, ಕೆಲವೊಮ್ಮೆ ಅಂಕಿ ಮೊದಲಿಗಿಂತಲೂ ಕುಸಿಯುತ್ತದೆ. ಫೋನಿನ ಬೆನ್ನಿಗೆ ಅಂಟಿಸುವ 'ಸಿಗ್ನಲ್ ಹೆಚ್ಚಿಸುವ' ಚೀಟಿಗಳಿಂದಲೂ ಉಪಯೋಗವಿಲ್ಲ. ದಯವಿಟ್ಟು ಹಣ ಕಳೆಯಬೇಡಿ.

ಈ ಎರಡು ಆಂಟೆನಾಗಳ ಉಪಾಯ ನಿಜವಾಗಿ ಕೆಲಸ ಮಾಡುವ ಒಂದು ಸಂದರ್ಭವಿದೆ: ನೆಲಮಾಳಿಗೆ. ಅಲ್ಲಿ -125 ಇದ್ದು ಫೋನ್ ಸತ್ತಂತಿದ್ದರೆ, ಮೇಜಿನ ಮೇಲೆ ಒಳಗಿನ ಆಂಟೆನಾದ ಪಕ್ಕದಲ್ಲೇ ಫೋನ್ ಇಟ್ಟಾಗ ಸಿಗುವ -105 ದೊಡ್ಡ ವರವೇ. ತಾರಸಿಯ -85 ಫೋನ್ ತಲುಪುವಾಗ -105 ಆಯಿತಲ್ಲ, ಗೋಡೆಗಳು ಕಸಿಯುವುದು ಆ 20 ಡಿಬಿಗಿಂತ ಹೆಚ್ಚಾಗಿದ್ದಾಗ ಮಾತ್ರ ಇದು ಗೆಲ್ಲುತ್ತದೆ.

ಹಾಗಾದರೆ ದಾರಿ ಯಾವುದು? ನಾನು ತಡವಾಗಿ ಕಲಿತ ಪಾಠ ಒಂದೇ. ಅಲೆಯನ್ನು ಕೋಣೆಗೆ ಎಳೆದು ತರಲು ಹೋಗಬೇಡಿ. ಅಲೆಯನ್ನು ಹಿಡಿಯುವ ಯಂತ್ರವನ್ನೇ ಅಲೆ ಇರುವ ಜಾಗಕ್ಕೆ ಕಳುಹಿಸಿ, ಅಲ್ಲಿಂದ ಮಾಹಿತಿಯನ್ನು ಕೆಳಗೆ ತನ್ನಿ. ರೇಡಿಯೊ ಅಲೆ ಕೇಬಲ್ಲಿನಲ್ಲಿ ಪ್ರತಿ ಮೀಟರಿಗೂ ಸೊರಗುತ್ತದೆ. ಅದೇ ಮಾಹಿತಿ ಯುಎಸ್‌ಬಿ ತಂತಿಯಲ್ಲೋ ವೈಫೈಯಲ್ಲೋ ಬಂದರೆ ಕೊನೆಯ ಅಕ್ಷರದವರೆಗೂ ಹಾಗೇ ತಲುಪುತ್ತದೆ.

ಇದರ ಅತಿ ಸರಳ ರೂಪಕ್ಕೆ ಏನನ್ನೂ ಕಟ್ಟಬೇಕಾಗಿಲ್ಲ. ನಿಮ್ಮ ನಕ್ಷೆಯಲ್ಲಿ ಅತ್ಯುತ್ತಮ ಅಂಕಿ ಬಂದ ಕಿಟಕಿಯ ಬಳಿ ಫೋನನ್ನು ಇಟ್ಟುಬಿಡಿ, ಬ್ಲೂಟೂತ್ ಇಯರ್‌ಫೋನ್ ಕಿವಿಯಲ್ಲಿರಲಿ. ತೆರೆದ ಜಾಗದಲ್ಲಿ ಸುಮಾರು ಹತ್ತು ಮೀಟರ್ ತಲುಪುತ್ತದೆ, ಒಂದು ಗೋಡೆಯ ಆಚೆಗೂ ಸಾಮಾನ್ಯವಾಗಿ ನಡೆಯುತ್ತದೆ. ಮಾತನಾಡುವುದಷ್ಟೇ ಬೇಕಿದ್ದವರಿಗೆ ಇಷ್ಟೇ ಸಾಕು.

ಇಡೀ ಮನೆಗೆ ಬೇಕಿದ್ದರೆ ಸಿಮ್ ಹಾಕುವ ಪುಟ್ಟ ಯುಎಸ್‌ಬಿ ಮೋಡೆಮ್ ಅಥವಾ ವೈಫೈ ರೂಟರ್ ತೆಗೆದುಕೊಂಡು ಅದನ್ನು ಮೇಲಿನ ಮಹಡಿಯ ಕಿಟಕಿಯಲ್ಲಿ ಇಡಿ. ಮೋಡೆಮ್ ಅನ್ನು ರೂಟರಿಗೆ ತಂತಿಯಲ್ಲಿ ಜೋಡಿಸುವುದಾದರೆ ಸಾಮಾನ್ಯ ಯುಎಸ್‌ಬಿ 2.0 ತಂತಿ ಐದು ಮೀಟರ್ ದಾಟಬಾರದು ಎಂಬುದು ನೆನಪಿರಲಿ. ಕೆಳಗಿನ ಫೋನುಗಳಲ್ಲಿ ವೈಫೈ ಕಾಲಿಂಗ್ ಚಾಲೂ ಮಾಡಿ. ನಿಮ್ಮ ಫೋನೂ ನಿಮ್ಮ ಮೊಬೈಲ್ ಕಂಪನಿಯೂ ಅದನ್ನು ಒದಗಿಸುತ್ತಿದ್ದರೆ ನಿಮ್ಮ ಮಾಮೂಲಿ ಸಂಖ್ಯೆಗೆ ಬರುವ ಕರೆಗಳು ವೈಫೈ ಮೂಲಕವೇ ಬರುತ್ತವೆ. ಇಲ್ಲಿ ಹೆಚ್ಚಿನವರು ಎಡವುವ ಒಂದು ಜಾಗವಿದೆ: ಫೋನ್ ಕೊನೆಯುಸಿರಿನಲ್ಲಿರುವ ಟವರ್ ಸಿಗ್ನಲ್ಲಿಗೇ ಜೋತುಬಿದ್ದು ವೈಫೈಗೆ ಬರುವುದೇ ಇಲ್ಲ. ಆಗ ಏರೋಪ್ಲೇನ್ ಮೋಡ್ ಹಾಕಿ, ವೈಫೈಯನ್ನು ಮಾತ್ರ ಮತ್ತೆ ಚಾಲೂ ಮಾಡಿ. ತಾಯಿಯ ಫೋನನ್ನು ರಾತ್ರಿ ನಾನು ಹೀಗೆಯೇ ಇಡುತ್ತೇನೆ. ಬ್ಯಾಟರಿಯೂ ಬಾಳುತ್ತದೆ. ಸಿಗ್ನಲ್ ಕ್ಷೀಣವಾದಷ್ಟೂ ಫೋನ್ ದೂರದ ಟವರಿಗೆ ಕೇಳಿಸಲೆಂದು ಗಟ್ಟಿಯಾಗಿ ಕೂಗುತ್ತದೆ, 4ಜಿಯಲ್ಲಿ ಸಾಮಾನ್ಯವಾಗಿ 200 ಮಿಲಿವಾಟ್‌ವರೆಗೂ. ಜೇಬಿನಲ್ಲಿ ಫೋನ್ ಸುಮ್ಮನೆ ಬೆಚ್ಚಗಾಗಲು ಹಲವು ಸಲ ಇದೇ ಕಾರಣ.

ಕೈಕೆಲಸದ ಆಸೆ ಇದ್ದರೆ ಅದಕ್ಕೂ ಇಲ್ಲಿ ಜಾಗವಿದೆ. ಮೋಡೆಮ್‌ನ ಹಿಂದೆ ಒಂದು ಪ್ರತಿಫಲಕ ಇಡಿ. 40 ಸೆಂಟಿಮೀಟರ್ ಅಗಲ, 10 ಸೆಂಟಿಮೀಟರ್ ಆಳದ ಲೋಹದ ಜರಡಿ ಅಥವಾ ಬಾಣಲೆ ಸಾಕು. ಬಾಯಿಯ ಅಗಲದ ವರ್ಗವನ್ನು ಆಳದ ಹದಿನಾರರಷ್ಟರಿಂದ ಭಾಗಿಸಿದರೆ ಅಲೆಗಳು ಕೂಡುವ ಬಿಂದು ತಳದಿಂದ ಎಷ್ಟು ದೂರ ಎಂಬುದು ಸಿಗುತ್ತದೆ. ಇಲ್ಲಿ ಅದು 10 ಸೆಂಟಿಮೀಟರ್, ಅಂದರೆ ಸರಿಯಾಗಿ ಬಾಯಿಯ ಮಟ್ಟ. ಜರಡಿ ನಿಖರವಾದ ಪ್ಯಾರಾಬೋಲಾ, ಅಂದರೆ ಅಲೆಗಳನ್ನೆಲ್ಲ ಒಂದೇ ಬಿಂದುವಿಗೆ ಕೂಡಿಸುವ ಬಟ್ಟಲಿನ ಆಕಾರ, ಅಲ್ಲದ ಕಾರಣ ಮೋಡೆಮ್ ಅನ್ನು ಒಂದೆರಡು ಸೆಂಟಿಮೀಟರ್ ಹಿಂದೆ ಮುಂದೆ ಸರಿಸಿ, ಅಂಕಿ ನೋಡುತ್ತಾ ನಿಲ್ಲಿಸಿ. ಜರಡಿಯ ರಂಧ್ರಗಳಿಂದ ಅಲೆ ಸೋರುವುದಿಲ್ಲವೇ ಎಂದರೆ, ರಂಧ್ರ ಅಲೆಯ ಉದ್ದದ ಹತ್ತನೇ ಒಂದು ಭಾಗಕ್ಕಿಂತ ಚಿಕ್ಕದಿದ್ದರೆ ಅಲೆಗೆ ಅದು ಗಟ್ಟಿ ತಗಡೇ. 2300 ಮೆಗಾಹರ್ಟ್ಸ್‌ನಲ್ಲಿ ಈ ಗಾತ್ರದ ತಟ್ಟೆ ಲೆಕ್ಕದ ಪ್ರಕಾರ 16 ಡಿಬಿ ಕೊಡಬೇಕು. ಕೈಯಲ್ಲಿ ಮಾಡಿದ್ದರಲ್ಲಿ ಎಂಟು ಸಿಕ್ಕರೂ ಶಕ್ತಿ ಆರು ಪಟ್ಟು. 900ರಲ್ಲಾದರೆ ಅದೇ ಜರಡಿ ಅಷ್ಟು ಉಪಯೋಗಕ್ಕೆ ಬಾರದು, ಅಲೆಯ ಎದುರು ಅದು ತೀರಾ ಚಿಕ್ಕದು. ಅಲ್ಲಿ ಎರಡು ದೊಡ್ಡ ರಟ್ಟುಗಳಿಗೆ ಅಲ್ಯೂಮಿನಿಯಂ ಹಾಳೆ ಅಂಟಿಸಿ, ತೆರೆದಿಟ್ಟ ಪುಸ್ತಕದಂತೆ 90 ಡಿಗ್ರಿ ಕೋನದಲ್ಲಿ ನಿಲ್ಲಿಸಿ, ಮೂಲೆಯಿಂದ ಸುಮಾರು 17 ಸೆಂಟಿಮೀಟರ್ ಮುಂದೆ ಮೋಡೆಮ್ ಇಡಿ. ಈ ಮೂಲೆ ಪ್ರತಿಫಲಕವನ್ನು ಜಾನ್ ಕ್ರೌಸ್ ಎಂಬ ಅಮೆರಿಕದ ವಿಜ್ಞಾನಿ 1938ರಲ್ಲಿ ರೂಪಿಸಿದರು. ಅಳತೆ ತುಸು ತಪ್ಪಿದರೂ ಅದು ಕೈಕೊಡುವುದಿಲ್ಲ, ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ.

ಪ್ರತಿಫಲಕದ ಬಾಯಿ ಟವರ್ ಕಡೆಗಿರಬೇಕು. ಆ ದಿಕ್ಕು ಹಿಡಿಯಲು ಫೋನನ್ನು ಎದೆಗೆ ಒತ್ತಿಕೊಂಡು ನಿಧಾನವಾಗಿ ಸುತ್ತು ತಿರುಗಿ. ದೇಹವೇ ಕೆಲವು ಡಿಬಿ ಹೀರಿಕೊಳ್ಳುತ್ತದೆ, ಅಂಕಿ ಅತಿ ಕೆಟ್ಟದಾದಾಗ ಟವರ್ ನಿಮ್ಮ ಬೆನ್ನ ಹಿಂದಿದೆ.

ಒಂದನ್ನು ಮಾತ್ರ ಮನೆಯಲ್ಲಿ ಕಟ್ಟಬೇಡಿ ಎಂದು ಕೈಮುಗಿದು ಕೇಳಿಕೊಳ್ಳುತ್ತೇನೆ: ಸಿಗ್ನಲ್ ವರ್ಧಕ, ಅಂದರೆ ಹೊರಗಿನ ಆಂಟೆನಾ ಹಿಡಿದ ಅಲೆಯನ್ನು ಬಲಪಡಿಸಿ ಕೋಣೆಯೊಳಗಿನ ಆಂಟೆನಾದಿಂದ ಬಿಡುವ ಯಂತ್ರ. ಅದರ ಒಳಗಿನ ಆಂಟೆನಾದ ಸದ್ದು ಹೊರಗಿನ ಆಂಟೆನಾಕ್ಕೆ ಮರಳಿ ಸೇರಿದರೆ, ಮೈಕ್ ಎದುರು ಧ್ವನಿವರ್ಧಕ ಇಟ್ಟಾಗ ಕಿವಿ ಸೀಳುವಂತೆ ಕಿರುಚುತ್ತದಲ್ಲ, ಹಾಗೆಯೇ ವರ್ಧಕವೂ ಕಿರುಚತೊಡಗುತ್ತದೆ. ನಮಗೆ ಅದು ಕೇಳಿಸುವುದಿಲ್ಲ, ಟವರಿಗೆ ಕೇಳಿಸುತ್ತದೆ. ಆ ಗದ್ದಲದಲ್ಲಿ ಸುತ್ತಲಿನವರ ದನಿ ಮುಳುಗಿಹೋಗುತ್ತದೆ, ತುರ್ತು ಕರೆ ಮಾಡುತ್ತಿರುವವರದ್ದೂ. ಅನೇಕ ದೇಶಗಳಲ್ಲಿ ಅನುಮತಿ ಇಲ್ಲದೆ ಇದನ್ನು ಬಳಸುವುದು ಅಪರಾಧ. ನನ್ನ ತಾಯಿಯ ಆ ಏಳು ಕರೆಗಳನ್ನು ನೆನೆದರೆ ಈ ಕಾನೂನು ನನಗೆ ನ್ಯಾಯವಾಗಿಯೇ ಕಾಣುತ್ತದೆ.

ಹಳೆಯ ಫೋನನ್ನೇ ಹಾಟ್‌ಸ್ಪಾಟ್ ಮಾಡಿ ಬಿಸಿಲು ಬೀಳುವ ಕಿಟಕಿಯಲ್ಲಿ ಹಗಲುರಾತ್ರಿ ಚಾರ್ಜಿಗೆ ಇಡಬೇಡಿ, ಬ್ಯಾಟರಿ ಉಬ್ಬುತ್ತದೆ. ಬ್ಯಾಟರಿಯಿಲ್ಲದ ಮೋಡೆಮ್ ವಾಸಿ. ತಾರಸಿಯಲ್ಲಿ ಲೋಹದ ಕಂಬ ನಿಲ್ಲಿಸಲೇಬೇಕಾದರೆ ವಿದ್ಯುತ್ ತಂತಿಗಳಿಂದ ದೂರವಿರಲಿ, ಸಿಡಿಲಿಗಾಗಿ ಭೂಸಂಪರ್ಕ ಕೊಡಿಸಿ. ವಿದ್ಯುತ್ ಹೋದರೆ ರೂಟರ್ ಜೊತೆಗೆ ವೈಫೈ ಕರೆಯೂ ಹೋಗುತ್ತದೆ, ಆದ್ದರಿಂದ ರೂಟರಿಗೆ ಒಂದು ಸಣ್ಣ ಬ್ಯಾಕಪ್ ಬೇಕು. ನಮ್ಮ ಮನೆಯಲ್ಲಿ ಅದಾದ ಮೇಲೆಯೇ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು.

ತಾರಸಿಯ ಅಂಕಿ, ಕೋಣೆಯ ಅಂಕಿ, ನಿಮ್ಮ ಫೋನ್ ಹಿಡಿಯುತ್ತಿರುವ ಬ್ಯಾಂಡ್, ಈ ಮೂರನ್ನು ಅಳೆದು ಇಲ್ಲೇ ಬರೆಯಿರಿ. ಜರಡಿ ಸಾಕೋ, ರಟ್ಟಿನ ಮೂಲೆ ಬೇಕೋ, ಎಷ್ಟು ದೊಡ್ಡದು ಬೇಕೋ ಲೆಕ್ಕ ಹಾಕಿ ತಿಳಿಸುತ್ತೇನೆ.