ಆಯಿಲ್ ಕೂಲರ್ ಪೈಪ್ ಒಡದ್ರ ಬಾಯಿ ಮುಚ್ಚಬ್ಯಾಡ್ರಿ, ಜೋಡಸ್ರಿ

ಪ್ರಶ್ನೆ: ಸರ್ ನಮಸ್ಕಾರ್ರೀ. ನಮ್ದು 14 ವರ್ಷದ ಹಳೇ ಡೀಸೆಲ್ ಗಾಡಿ, ಗದಗದಿಂದ ಹುಬ್ಬಳ್ಳಿಗೆ ವಾರಕ್ಕ ಮೂರ್ ಸಲ ಓಡ್ತೈತಿ. ಮೊನ್ನೆ ಅಣ್ಣಿಗೇರಿ ದಾಟಿದ ಮ್ಯಾಲೆ ಕಲ್ಲು ಸಿಡದು ಕೆಳಗ ಬಡೀತು, ಸ್ವಲ್ಪ ದೂರ ಹೋಗೂದ್ರಾಗ ಸುಟ್ಟ ಎಣ್ಣಿ ವಾಸನಿ ಬಂತು. ಇಳದು ನೋಡಿದ್ರ ಗ್ರಿಲ್ ಹಿಂದ ಇಂಜಿನ್ ಎಣ್ಣಿ ತಂಪು ಮಾಡೂ ಆಯಿಲ್ ಕೂಲರಿಗೆ ಹೋಗೂ ಪೈಪ್ ಸೀಳೈತಿ. ರಸ್ತೆ ಬಾಜೂಕಿನ ಗ್ಯಾರೇಜ್‌ದಾವ ಎಂ-ಸೀಲ್ ಮೆತ್ತಿ ಮ್ಯಾಲೆ ಸೈಕಲ್ ಟ್ಯೂಬ್ ಸುತ್ತಿ ಕೊಟ್ಟ, 10 ಕಿಲೋಮೀಟರ್ ಬಾಳಿಕಿ ಬಂತಷ್ಟ. ಹೊಸಾ ಪೈಪ್ ಬರಾಕ 8 ದಿನ ಬೇಕಂತ. ಅಲ್ಲೀತನಕ ಕೂಲರಿನ ಎರಡೂ ಪೈಪಿನ ಬಾಯಿಗೆ ಬೋಲ್ಟ್ ಹೊಡದು ಮುಚ್ಚಿ ಓಡಸ್ರಿ ಅಂತ ಗೆಳ್ಯಾ ಒಬ್ಬ ಹೇಳ್ತಾನ. ಮುಚ್ಚಬಹುದೇನ್ರಿ? (ಗದಗದಿಂದ ಒಬ್ಬ ಓದುಗರು)

ಉತ್ತರ: ಮುಚ್ಚಬ್ಯಾಡ್ರಿ. ಇದೊಂದ ಮಾತು ಮೊದಲ ಹೇಳಿಬಿಡ್ತೀನಿ, ಉಳದದ್ದು ಆಮ್ಯಾಲೆ ನಿಧಾನಕ ಓದ್ರಿ.

ಯಾಕಂದ್ರ ಹೊರಗ ಪೈಪ್ ಎಳದು ಕೂಲರ್ ಕೂಡ್ರಿಸಿದ ಭಾಳಷ್ಟು ಇಂಜಿನ್‌ನಾಗ ಎಣ್ಣಿ ಹೋಗೂ ದಾರಿ ಹಿಂಗಿರ್ತೈತಿ: ಇಂಜಿನ್ ಕೆಳಗ ಎಣ್ಣಿ ನಿಲ್ಲೂ ಚೇಂಬರಿನಿಂದ ಪಂಪ್ ಎಳೀತೈತಿ, ಕೂಲರಿಗೆ ದಬ್ತೈತಿ, ಅಲ್ಲಿಂದ ಹೊಳ್ಳಿ ಬಂದು ಫಿಲ್ಟರ್, ಫಿಲ್ಟರ್ ಆದಮ್ಯಾಲೆ ಕ್ರ್ಯಾಂಕ್ ಬೇರಿಂಗು, ಕ್ಯಾಮು, ಟರ್ಬೊ. ಅಂದ್ರ ಕೂಲರ್ ಅನ್ನೂದು ಬಾಜೂಕಿನ ಗಲ್ಲಿ ಅಲ್ಲ, ಅದ ಮೇನ್ ರೋಡ್. ಅಲ್ಲಿ ಬೋಲ್ಟ್ ಹೊಡದ್ರ ಮುಂದಿನವ್ರಿಗೆ ಯಾರಿಗೂ ಎಣ್ಣಿ ಇಲ್ಲ. ಕೆಲವು ಇಂಜಿನ್‌ನಾಗ ಬೈಪಾಸ್ ವಾಲ್ವ್ ಇರ್ತೈತಿ ಖರೇ, ಕೂಲರ್ ಕಟ್ಟಿದ್ರೂ ಎಣ್ಣಿ ಸುತ್ತು ಹಾಕಿ ಹೋಗ್ತೈತಿ, ಆದ್ರ ನಿಮ್ಮ ಇಂಜಿನ್‌ನಾಗ ಅದು ಐತೋ ಇಲ್ಲೋ, ಇದ್ರೂ 14 ವರ್ಷದ ಮ್ಯಾಲೆ ಸರಿಯಾಗಿ ತೆರೀತೈತೋ ಇಲ್ಲೋ ಅಂತ ಜೂಜಾಡಾಕ ಇಂಜಿನ್ ಏನ್ ಎಲಿ ಆಟ ಅಲ್ರಿ. ನಿಮ್ಮ ಗೆಳ್ಯಾನ ಗಾಡ್ಯಾಗ ಅದು ನಡದಿರಬೇಕು, ಅವನ ಪುಣ್ಯಾ.

ಮುಚ್ಚೂ ಬದ್ಲಿ ಜೋಡಸ್ರಿ. ಕೂಲರಿಗೆ ಹೋಗೂದು ಒಂದು, ಬರೂದು ಒಂದು, ಆ ಎರಡೂ ಪೈಪ್ ತುದಿಗೆ ಒಂದ ಹೋಸ್ ಹಾಕಿ ಯು ಆಕಾರದಾಗ ಕೂಡಿಸಿಬಿಟ್ರ ಎಣ್ಣಿ ಕೂಲರಿಗೆ ಹೋಗದ ಹೊಳ್ಳಿ ಬರ್ತೈತಿ. ತಂಪು ಆಗೂದಿಲ್ಲ, ಆದ್ರ ಬೇರಿಂಗಿಗೆ ಎಣ್ಣಿ ತಪ್ಪೂದಿಲ್ಲ. ಪೆಟ್ಟು ಬಿದ್ದದ್ದು ಕೂಲರಿಗೋ ಕೂಲರ್ ಹತ್ರದ ಕ್ರಿಂಪಿಗೋ (ಹೋಸ್ ತುದಿಗೆ ಒತ್ತಿ ಕೂಡ್ರಿಸಿದ ಲೋಹದ ಜೋಡಣಿ) ಆಗಿದ್ರ ಇದ ದಾರಿ.

ನಿಮ್ದು ನಡಬರಕ ಸೀಳಿದ್ದಂದ್ರ ಇನ್ನೂ ಚಲೋ ದಾರಿ ಐತಿ. ಒಂದ್ ಮ್ಯಾಗ್ನೆಟ್ ಹಚ್ಚಿ ನೋಡ್ರಿ. ಹಿಡದ್ರ ಕಬ್ಬಿಣ, ಪೈಪ್ ಪೂರಾ ಬಿಚ್ಚಿ ಒಳಗಿನ ಎಣ್ಣಿ ಬಸದು ತೊಳದು ಒಣಗಿಸಿ ಗ್ಯಾಸ್ ವೆಲ್ಡಿಂಗ್‌ನವ್ರ ಕಡೆ ಒಯ್ದು ಸೀಳಿಗೆ ಹಿತ್ತಾಳಿ ಬೆಸುಗಿ ಹಾಕ್ಸ್ರಿ, ಹತ್ರ ರಬ್ಬರ್ ಹೋಸಿನ ತುದಿ ಇದ್ರ ಅದಕ್ಕ ಒದ್ದಿ ಅರಿವಿ ಸುತ್ತಾಕ ಹೇಳ್ರಿ, ಇಲ್ಲಂದ್ರ ಒಂದ್ ಕಡೆ ಸೋರೂದು ನಿಲ್ಲಸಾಕ ಹೋಗಿ ಇನ್ನೊಂದ್ ಕಡೆ ಸುಟ್ಟು ಕೊಡ್ತಾರ. ಗಾಡಿ ಮ್ಯಾಲೆ ಇದ್ದಾಗ ಮಾತ್ರ ಬೆಸುಗಿ ಹಾಕ್ಸಬ್ಯಾಡ್ರಿ, ಎಣ್ಣಿ ಬಳದ ಇಂಜಿನ್ ಮುಂದ ಗ್ಯಾಸ್ ಉರಿ ಹಿಡದ್ರ ಏನಾಗ್ತೈತಿ ಅಂತ ಹೇಳೂದ ಬ್ಯಾಡ. ಮ್ಯಾಗ್ನೆಟ್ ಹಿಡೀಲಿಲ್ಲ, ಅಲ್ಯುಮಿನಿಯಂ ಅಂದ್ರ ಬೆಸುಗಿ ಆಸೆ ಬಿಡ್ರಿ, ಕತ್ತರಿಸಿ ಹೋಸ್ ಹಾಕೂದ ಸೈ.

ಹೋಸ್ ಹಾಕೂದು ಹೇಳ್ತೀನಿ. ಗಾಡಿ ತಣ್ಣಗಾಗ್ಲಿ, ಸುಡು ಎಣ್ಣಿ ಕೈಮ್ಯಾಲೆ ಬಿದ್ರ ನೀರಿಗಿಂತ ಕೆಟ್ಟದು. ಜಾಕ್ ಮ್ಯಾಲಷ್ಟ ನಂಬಿ ಕೆಳಗ ತೂರಬ್ಯಾಡ್ರಿ. ಸೀಳಿದ ತುಂಡು ಹ್ಯಾಕ್ಸಾ ಬ್ಲೇಡಿನಿಂದ ನೆಟ್ಟಗ ಕತ್ತರಸ್ರಿ, ಆಮ್ಯಾಲೆ ಒಳಗಿನ ಲೋಹದ ಪುಡಿ ತೆಗೀರಿ, ಇದನ್ನ ಭಾಳ ಜನ ಮರೀತಾರ. ಪೈಪ್ ಬಿಚ್ಚಿ ಡೀಸೆಲ್ ಹಾಕಿ ತೊಳದು ಗಾಳಿ ಹೊಡೀರಿ, ಆ ಪುಡಿ ಬೇರಿಂಗಿಗೆ ಹೋದ್ರ ಸೋರೂ ಪೈಪ ವಾಸಿ ಇತ್ತು ಅನಸ್ತೈತಿ. ತುದಿ ನುಣ್ಣಗ ಇದ್ರ ಹೋಸ್ ಜಾರಿ ಬರ್ತೈತಿ, ಅದಕ್ಕ ಕಬ್ಬಿಣದ ಪೈಪಿನ ತುದಿಗೆ ಹಿತ್ತಾಳಿಂದ ಒಂದ್ ಸಣ್ಣ ಉಂಗರ ಎಬ್ಬಸ್ಕೊಂಡ್ರ ಹೋಸಿಗೆ ಹಿಡಿತ ಸಿಗ್ತೈತಿ. ಪೈಪ್ ಕಡಿಮೀ ಅಂದ್ರ ಒಂದ್ ಇಂಚು ಹೋಸಿನೊಳಗ ಹೋಗಬೇಕು, ಪ್ರತಿ ತುದಿಗೆ ಎರಡ್ ಕ್ಲಿಪ್, ಅವುಗಳ ಸ್ಕ್ರೂ ಒಂದ್ ಈ ಕಡೆ ಒಂದ್ ಆ ಕಡೆ. ಭಾಳ ಬಿಗದು ರಬ್ಬರ್ ಕೊಯ್ಯಬ್ಯಾಡ್ರಿ.

ಯಾವ ಹೋಸ್ ಅನ್ನೂದ್ರಾಗ ಪೂರಾ ಆಟ ಐತಿ. ಟೈರಿಗೆ 32 ಹವಾ ಹಾಕ್ತೀರಲ್ಲ, ಓಡೂ ಇಂಜಿನ್ ಎಣ್ಣಿ ಒತ್ತಡ ಅದಾ ಲೆಕ್ಕದಾಗ 45 ರಿಂದ 60 ಇರ್ತೈತಿ, ಮುಂಜಾನೆ ತಣ್ಣಗ ಇದ್ದಾಗ ಸ್ಟಾರ್ಟ್ ಮಾಡಿದ್ರ ಇನ್ನೂ ಮ್ಯಾಲೆ. ಎಂ-ಸೀಲ್ ಯಾಕ ಕಿತ್ತು ಬಂತು ಅನ್ನೂದಕ್ಕ ಇದ ಉತ್ತರ, ಎಣ್ಣಿ ಜಿಡ್ಡಿನ ಮ್ಯಾಲೆ ಅದು ಹಿಡಿಯೂದ ಇಲ್ಲ, ಹಿಡದ್ರೂ ಬಿಸಿ ಏರಿದ ಕೂಡ್ಲೆ ಸಡಲ್ತೈತಿ. ರೇಡಿಯೇಟರ್ ಹೋಸ್, ಹೀಟರ್ ಹೋಸ್ ಹಾಕಬ್ಯಾಡ್ರಿ, ಆ ರಬ್ಬರ್ ನೀರಿಗೆ ಮಾಡಿದ್ದು, ಎಣ್ಣಿಗೆ ಅಲ್ಲ. ಒಬ್ರು ಹಂಗ ಹಾಕ್ಕೊಂಡು ಬಂದಿದ್ರು, ಮೂರನೇ ದಿನಕ್ಕ ಬಿಚ್ಚಿದ್ರ ಹೋಸ್ ರಾತ್ರಿ ನೆನಿ ಹಾಕಿದ ಕಡ್ಲಿ ಹಂಗ ಉಬ್ಬಿ ಒತ್ತಿದ್ರ ಮೆತ್ತಗ ಬೆರಳು ಇಳೀತಿತ್ತು, ಕ್ಲಿಪ್ ಇದ್ದಲ್ಲಿ ಸೊಂಟ ಕಟ್ಟಿದಂಗ ಆಗಿತ್ತು. ಡೀಸೆಲಿಗೆ ಹಾಕೂ ಪಾರದರ್ಶಕ ಪ್ಲಾಸ್ಟಿಕ್ ಪೈಪೂ ಬ್ಯಾಡ, ಬಿಸಿಗೆ ಕರಗ್ತೈತಿ. ಜೋಡಣಿಗೆ ಟೆಫ್ಲಾನ್ ಟೇಪ್ ಸುತ್ತೂ ಚಟಾನೂ ಬಿಡ್ರಿ, ಅದರ ಎಳಿ ಕಿತ್ತು ಎಣ್ಣಿ ದಾರ್ಯಾಗ ಹೋಗ್ತಾವ.

ಎಣ್ಣಿ ತಡಕೊಳ್ಳೂ ನೈಟ್ರೈಲ್ ರಬ್ಬರಿನ ಹೋಸ್ ಕೇಳ್ರಿ, ಒಳಗ ದಾರದ ಹೆಣಿಗಿ ಇರೂದು, ನಿಮ್ಮ ಪೈಪಿನ ಅಳತಿದು, ಗೇರ್ ಆಯಿಲ್ ಕೂಲರಿಗಂತನ ಬರೂದು ಸಿಕ್ರ ಅದ ಚಲೋ. ಹುಬ್ಬಳ್ಳ್ಯಾಗ ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟ್, ಇಲ್ಲಂದ್ರ ತಾರಿಹಾಳ ಕಡೆ ಹೋಗಿ ಜೆಸಿಬಿ, ಟ್ರ್ಯಾಕ್ಟರಿನ ಹೈಡ್ರಾಲಿಕ್ ಹೋಸ್ ಕ್ರಿಂಪ್ ಮಾಡೂ ಅಂಗಡಿ ವಿಚಾರಸ್ರಿ. ನಿಮ್ಮ ಹಳೇ ಪೈಪ್ ಒಯ್ದು ತೋರ್ಸಿ ಆ ತುದಿಗಳಿಗೆ ಕೂಡೂ ನಿಪ್ಪಲ್ ಹಾಕಿ ಕ್ರಿಂಪ್ ಮಾಡಿ ಕೊಡ್ತೀರೇನ್ ಅಂತ ಕೇಳ್ರಿ, ಹಂಗ ಮಾಡಿ ಕೊಟ್ರ ಕ್ಲಿಪ್ಪಿನ ತಾಪತ್ರಯನ ಇಲ್ಲ. ಅರ್ಧ ಇಂಚಿನ ಒಂದ್ ಪದರ ತಂತಿ ಹೈಡ್ರಾಲಿಕ್ ಹೋಸ್ 160 ಬಾರ್ ತಡೀತೈತಿ, ನಮಗ ಬೇಕಾದ್ದು 3-4 ಬಾರ್ (ಮ್ಯಾಲೆ ಹೇಳಿದ 45-60 ಅಂದ್ರ ಇದ), ಒತ್ತಡದ ಚಿಂತಿ ಇಲ್ಲ. ಆದ್ರ ಸಾದಾ ಹೈಡ್ರಾಲಿಕ್ ಹೋಸ್ ತಡಿಯೂದು 100 ಡಿಗ್ರಿ ತನಕ ಅಷ್ಟ, ನಮ್ಮ ಏಪ್ರಿಲ್ ಬಿಸಲಾಗ ಇಂಜಿನ್ ಎಣ್ಣಿ ಅದನ್ನ ದಾಟ್ತೈತಿ, ಅದಕ್ಕ 8 ದಿನಕ್ಕ ಆಗ್ತೈತಿ, 8 ತಿಂಗಳಿಗೆ ಅಲ್ಲ. ಸೈಲೆನ್ಸರ್, ಬೆಲ್ಟ್, ಫ್ಯಾನ್ ಇವುಗಳಿಂದ ದೂರ ಕಟ್ರಿ, ಬಿಸಿ ಎಕ್ಸಾಸ್ಟ್ ಮ್ಯಾಲೆ ಎಣ್ಣಿ ಸೋರಿದ್ರ ಬೆಂಕಿನ ಹತ್ತತೈತಿ.

ಹಾಕಿದ ಮ್ಯಾಲೆ ಎಣ್ಣಿ ತುಂಬಿ (ಎಣ್ಣಿ ನೋಡೂ ಕಡ್ಡಿ ಮ್ಯಾಲಿನ ಕೆಳಗಿನ ಗೀಟಿಗೂ ಮ್ಯಾಲಿನ ಗೀಟಿಗೂ ಭಾಳಷ್ಟು ಗಾಡ್ಯಾಗ ಒಂದ್ ಲೀಟರ್ ಹತ್ರ ಇರ್ತೈತಿ) ಸ್ಟಾರ್ಟ್ ಮಾಡಿ ಐದ್ ನಿಮಿಷ ಬರೇ ನಿಂದ್ರಸ್ರಿ, ಒಬ್ರು ಸ್ವಲ್ಪ ಎಕ್ಸಿಲೇಟರ್ ಒತ್ತಲಿ, ಇನ್ನೊಬ್ರು ಟಾರ್ಚ್ ಹಿಡದು ಜೋಡಣಿ ನೋಡ್ಲಿ. ಬಂದ್ ಮಾಡಿ ಮತ್ತ ಕಡ್ಡಿ ನೋಡ್ರಿ, ಹೋಸಿನಾಗ ಎಣ್ಣಿ ತುಂಬಿಕೊಂಡು ಸ್ವಲ್ಪ ಇಳದಿರ್ತೈತಿ. 10 ಕಿಲೋಮೀಟರಿಗೆ ನಿಂತು ನೋಡ್ರಿ, ರಾತ್ರಿ ಕೆಳಗ ಪೇಪರ್ ಹಾಸಿ ಮಲಗ್ರಿ, ಅಂದ್ರ ಗಾಡಿ ಕೆಳಗ್ರಿ. ಕೂಲರ್ ಬಿಟ್ಟು ಜೋಡಿಸಿದ್ರ ಲೋಡ್ ಹಾಕಬ್ಯಾಡ್ರಿ, 60 ದಾಟಬ್ಯಾಡ್ರಿ, ಮಧ್ಯಾಹ್ನದ ಬಿಸಲು ಬಿಟ್ಟು ಮುಂಜಾನೆ ಸಂಜಿ ಹೊಂಡ್ರಿ. ಮತ್ತ ಡ್ಯಾಶ್‌ಬೋರ್ಡಿನಾಗ ಎಣ್ಣಿ ಕ್ಯಾನಿನ ಕೆಂಪ್ ಲೈಟ್ ಹತ್ತಿತಂದ್ರ ಹುಲಕೋಟಿ ಇಲ್ಲೇ ಐತಿ ಅಂತ ಎಳಕೊಂಡ್ ಹೋಗಬ್ಯಾಡ್ರಿ. ಆ ಲೈಟ್ ಎಣ್ಣಿ ಕಡಿಮೀ ಆದಾಗ ಹತ್ತೂದಲ್ಲ, ಒತ್ತಡ ಪೂರಾ ಕುಸದ ಮ್ಯಾಲೆ ಹತ್ತೂದು, ಅಲ್ಲೇ ಬಂದ್ ಮಾಡಿ ಟೋ ಮಾಡ್ಸ್ರಿ.

ಪ್ರಶ್ನೆ: ನಮ್ದು ಆಟೋಮ್ಯಾಟಿಕ್ ಕಾರು, ಮುಂದ ಕೆಂಪ ಎಣ್ಣಿ ಸೋರ್ತೈತಿ. ಇದಕ್ಕೂ ಹಿಂಗ ಹೋಸ್ ಹಾಕಿ ಜೋಡಸಬಹುದೇನ್ರಿ ಅಣ್ಣಾರ? (ಹಾವೇರಿಯಿಂದ)

ಉತ್ತರ: ಕೆಂಪ್ ಇದ್ರ ಅದು ಗೇರ್‌ಬಾಕ್ಸಿಂದೋ ಪವರ್ ಸ್ಟೇರಿಂಗಿಂದೋ ಇರಬಹುದು, ಮೊದಲ ಯಾವ ಪೈಪ್ ಅಂತ ಬಿಳೀ ಅರಿವ್ಯಾಗ ಒರೆಸಿ ಹುಡುಕ್ರಿ, ಗಾಳಿಗೆ ಎಣ್ಣಿ ಹಿಂದಕ್ಕ ಹರಿದು ಮೋಸ ಮಾಡ್ತೈತಿ. ಗೇರ್‌ಬಾಕ್ಸಿಂದಾದ್ರ ಸೀಳಿದ ಜಾಗಕ್ಕ ಆಯಿಲ್ ಹೋಸ್ ಹಾಕಬಹುದು, ಕೂಲರ್ ಬಿಟ್ಟು ಜೋಡಸೂದು ಮಾತ್ರ ಬ್ಯಾಡ, ಅದು ಓಡೂದ ಎಣ್ಣಿ ಮ್ಯಾಲೆ, ಬಿಸಿ ಆದ್ರ ಒಳಗಿನ ಕ್ಲಚ್ ಪ್ಲೇಟ್ ಸುಡ್ತಾವ. ಕೂಲರ್ ರೇಡಿಯೇಟರ್ ಒಳಗ ಇದ್ದು ನೀರಿನಾಗ ಗುಲಾಬಿ ಬಣ್ಣದ ಮಜ್ಜಿಗಿ ಹಂಗ ಕಂಡ್ರ ಪೈಪ್ ಬಿಟ್ಟು ರೇಡಿಯೇಟರ್ ಬಿಚ್ಚಸ್ರಿ, ಗಾಡೀನ್ನ ಓಡಸ್ದ ಪೂರಾ ಮ್ಯಾಲೆ ಹೊತ್ತೊಯ್ಯೂ ಗಾಡ್ಯಾಗ ಕಳಸ್ರಿ.